ಒಲ್ಲದ ಮನಸ್ಸು, ತಪ್ಪದ ಹೊಣೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ, ಗೋವೆಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ವಾಸ್ಕೋದಲ್ಲಿ ಕರೆದ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಬರಹರೂಪ)



ಶತಮಾನೋತ್ಸವದ ಸಭೆಗಳಲ್ಲಿ ಶಾಲೆಯ ಸಾಧನೆಗಳನ್ನು ಓದಿ ಹೇಳುವುದು ರೂಢಿ. ಆ ವಿವರಗಳೆಲ್ಲ ಸ್ಮರಣ ಸಂಚಿಕೆಯಲ್ಲಿ ಬರಲಿವೆ. ಇಂದು ನಾವು ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ. ಕಳೆದ ತಿಂಗಳು ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಶಾಲೆಯ ಸಭಾಂಗಣದಲ್ಲಿ ‘ದಿ ಬ್ರಿಜಸ್ ಅಟ್ ಟೋಕೋ-ರಿ’ ಎಂಬ ಹಳೆಯ ಹಾಲಿವುಡ್ ಚಿತ್ರವನ್ನು ತೋರಿಸಿದೆವು. ನಡುನಡುವೆ ನಿಲ್ಲಿಸಿ, ಕಥೆಯನ್ನು ಕನ್ನಡದಲ್ಲಿ ವಿವರಿಸಿ ತೋರಿಸಿದೆವು. ಮಾರನೆಯ ದಿನ ಕೆಲವು ಪಾಲಕರು ಶಾಲೆಗೆ ಬಂದು ನ್ಯಾಯವಾಗಿಯೇ ಕೇಳಿದರು: ಯುದ್ಧಕ್ಕೆ ಹೋಗಲು ಮನಸ್ಸಿಲ್ಲದವನ ಕಥೆಯನ್ನು, ಕೊನೆಗೆ ನಾಯಕ ಕೆಸರಿನ ಕಾಲುವೆಯಲ್ಲಿ ಸಾಯುವ ಕಥೆಯನ್ನು ಮಕ್ಕಳಿಗೆ ತೋರಿಸುವುದೇಕೆ? ದೇಶಪ್ರೇಮವನ್ನು ಹೆಚ್ಚಿಸುವ ಚಿತ್ರ ಬೇರೆ ಇರಲಿಲ್ಲವೇ?

ಮಕ್ಕಳು ಇಂದು ಬೆಳಗ್ಗೆ ಬೋಗ್ಮಾಳೊ ರಸ್ತೆಯ ನೌಕಾ ವಾಯುಯಾನ ವಸ್ತುಸಂಗ್ರಹಾಲಯವನ್ನು ನೋಡಿ ಬಂದಿದ್ದಾರೆ. ನಿಮ್ಮಲ್ಲಿ ಹಲವರು ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ, ನೌಕಾನೆಲೆಯಲ್ಲಿ ದುಡಿಯುತ್ತಿದ್ದೀರಿ. ಆದ್ದರಿಂದ ಉತ್ತರ ಹೇಳಲು ಇದಕ್ಕಿಂತ ತಕ್ಕ ಸ್ಥಳ ನಮಗೆ ಸಿಗಲಾರದು.

ಮೊದಲು ಚಿತ್ರದ ಕಥೆ. ಜೇಮ್ಸ್ ಮಿಚನರ್ ಎಂಬ ಅಮೆರಿಕನ್ ಲೇಖಕ ಕೊರಿಯಾ ಯುದ್ಧದ ಕಾಲದಲ್ಲಿ ವಿಮಾನವಾಹಕ ನೌಕೆಗಳ ಮೇಲೆ ವರದಿಗಾರನಾಗಿ ಉಳಿದು, ಕಂಡದ್ದನ್ನು ಆಧರಿಸಿ 1953ರಲ್ಲಿ ಒಂದು ಕಿರುಕಾದಂಬರಿಯನ್ನು ಪ್ರಕಟಿಸಿದ. ಅದನ್ನು ಮಾರ್ಕ್ ರಾಬ್ಸನ್ 1954ರಲ್ಲಿ ಚಿತ್ರವಾಗಿಸಿದ. ಟೋಕೋ-ರಿ ಎಂಬ ಊರು ಕಲ್ಪಿತ, ಯುದ್ಧ ಕಲ್ಪಿತವಲ್ಲ. ನಾಯಕ ಹ್ಯಾರಿ ಬ್ರೂಬೇಕರ್ ಡೆನ್ವರ್ ನಗರದ ವಕೀಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ ತನ್ನ ಪಾಲಿನ ಕರ್ತವ್ಯ ಮುಗಿಸಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕಚೇರಿ ಎಂದು ನೆಲೆಗೊಂಡವನು. ಆದರೆ ಅವನ ಹೆಸರು ಮೀಸಲು ಪಡೆಯ ಪಟ್ಟಿಯಲ್ಲಿ ಉಳಿದಿತ್ತು. ಕೊರಿಯಾ ಯುದ್ಧ ಆರಂಭವಾದಾಗ ಅವನಂಥ ಸಾವಿರಾರು ಜನರಿಗೆ ಮತ್ತೆ ಕರೆ ಬಂತು. ಸಂಸಾರಸ್ಥ ವಕೀಲ ಕೇಳುವುದು ಇಷ್ಟೇ: ಊರಿನಲ್ಲಿ ಲಕ್ಷಾಂತರ ಜನ ನೆಮ್ಮದಿಯಾಗಿರುವಾಗ ಎರಡನೆಯ ಸಲವೂ ತಾನೇ ಏಕೆ?

ಈ ಪ್ರಶ್ನೆಗೆ ಚಿತ್ರದಲ್ಲಿ ಯಾರೂ ತೃಪ್ತಿಕರ ಉತ್ತರ ಕೊಡುವುದಿಲ್ಲ. ಯುದ್ಧದಲ್ಲಿ ಗಂಡುಮಕ್ಕಳನ್ನು ಕಳೆದುಕೊಂಡ ವೃದ್ಧ ಅಡ್ಮಿರಲ್ ಅವನಲ್ಲಿ ತನ್ನ ಮಗನನ್ನು ಕಾಣುತ್ತಾನೆ. ಆದರೂ ಅವನನ್ನು ಮನೆಗೆ ಕಳುಹಿಸುವುದಿಲ್ಲ. ದಾಳಿಯ ಹಿಂದಿನ ರಾತ್ರಿ ಬ್ರೂಬೇಕರನಿಗೆ ನಿದ್ದೆ ಬಾರದು, ಹೆಂಡತಿಗೆ ಕಾಗದ ಬರೆಯಲು ಕುಳಿತರೆ ಮಾತು ಹೊರಡದು. ಬೆಳಗ್ಗೆ ಎದ್ದು ವಿಮಾನ ಏರುತ್ತಾನೆ. ಸೇತುವೆಗಳು ಉರುಳುತ್ತವೆ. ಮರಳುವ ಮುನ್ನ ಎರಡನೆಯ ಗುರಿಯ ಮೇಲೆ ದಾಳಿ ಮಾಡುವಾಗ ಅವನ ವಿಮಾನಕ್ಕೆ ಗುಂಡು ತಗಲುತ್ತದೆ. ಅವನನ್ನು ಎತ್ತಿಕೊಳ್ಳಲು ಬಂದ ಹೆಲಿಕಾಪ್ಟರಿನ ಇಬ್ಬರೂ ಅವನೊಂದಿಗೆ ಅಪರಿಚಿತ ನೆಲದ ಕಾಲುವೆಯಲ್ಲಿ ಸಾಯುತ್ತಾರೆ. ನಡೆದ ಸಂಗತಿ ಒಂದನ್ನು ಇಲ್ಲಿ ಹೇಳಬೇಕು: 1952ರ ಫೆಬ್ರವರಿಯಲ್ಲಿ ನಡೆದ ಯಾವ ಘಟನೆ ಮಿಚನರನ ಕಥೆಗೆ ಮೂಲವಾಯಿತೋ ಅದರ ವೈಮಾನಿಕರು ಸತ್ತರೆಂದೇ ಅವನು ನಂಬಿದ್ದ. ಅವರು ಸೆರೆಸಿಕ್ಕಿದ್ದರು, ಯುದ್ಧ ಮುಗಿದ ಮೇಲೆ ಜೀವಂತವಾಗಿ ಮರಳಿದರು.

ಚಿತ್ರ ಮುಗಿದಾಗ ಒಬ್ಬ ಹುಡುಗ ಎದ್ದು, “ಟೀಚರ್, ಅವನಿಗೆ ಹೋಗಲು ಮನಸ್ಸೇ ಇರಲಿಲ್ಲ. ಹಾಗಾದರೆ ಅವನು ಹೇಡಿಯಲ್ಲವೇ?” ಎಂದು ಕೇಳಿದ. ನಾವು ಆ ಮಗುವಿಗೆ ಉತ್ತರ ಕುಮಾರನನ್ನು ನೆನಪಿಸಿದೆವು. ನಮ್ಮ ಕರಾವಳಿಯ ಯಾವ ಮಗುವಿಗೂ ಉತ್ತರ ಹೊಸಬನಲ್ಲ. ಯಕ್ಷಗಾನದ ರಂಗದಲ್ಲಿ ಅವನು ಅಂತಃಪುರದ ಹೆಂಗಸರೆದುರು ಕೊಚ್ಚಿಕೊಳ್ಳುವುದನ್ನೂ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವುದನ್ನೂ, ಬೃಹನ್ನಳೆ ಅವನನ್ನು ಹಿಡಿದು ತರುವುದನ್ನೂ ನೋಡಿ ನಾವೆಲ್ಲ ಹೊಟ್ಟೆ ತುಂಬ ನಕ್ಕಿದ್ದೇವೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕುರುಕ್ಷೇತ್ರದ ಮೊದಲನೆಯ ದಿನವೇ ಶಲ್ಯನ ಕೈಯಲ್ಲಿ ಮಡಿದವನು ಅದೇ ಉತ್ತರ. ಓಡಿದ ದಿನ ಅವನಿಗೆ ಯುದ್ಧವೆಂದರೇನೆಂದು ತಿಳಿದಿರಲಿಲ್ಲ. ಮಡಿದ ದಿನ ತಿಳಿದಿತ್ತು. ಓಡಿದ ಉತ್ತರನಿಗೆ ನಮ್ಮ ಮೇಳಗಳು ಇಡೀ ರಾತ್ರಿಯನ್ನು ಕೊಡುತ್ತವೆ. ಮಡಿದ ಉತ್ತರನನ್ನು ನೆನೆಯುವವರು ಕಡಿಮೆ.

ಭಯವಿಲ್ಲದವನನ್ನು ಶೂರನೆಂದು ಕರೆಯುವುದು ಸುಲಭ. ಬೆಲೆ ಎಷ್ಟೆಂದು ತಿಳಿದು, ಅದನ್ನು ತೆರಲು ಮನಸ್ಸು ಒಪ್ಪದಿದ್ದರೂ ಹೊಣೆಯನ್ನು ಬಿಡದವನನ್ನು ಏನೆಂದು ಕರೆಯಬೇಕು? ಮಕ್ಕಳು ಈ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ಮನೆಗೆ ಹೋಗಲಿ ಎಂಬುದೇ ಆ ಚಿತ್ರವನ್ನು ಆರಿಸಿಕೊಳ್ಳಲು ನಮಗಿದ್ದ ಮೊದಲ ಕಾರಣ.

ಎರಡನೆಯ ಕಾರಣ ಈ ನೆಲಕ್ಕೆ ಸಂಬಂಧಿಸಿದ್ದು. ದಾಬೋಲಿಯ ವಿಮಾನ ನಿಲ್ದಾಣವನ್ನು ಪೋರ್ಚುಗೀಸರು ಕಟ್ಟಿದ್ದು 1950ರ ದಶಕದಲ್ಲಿ. 1961ರ ಡಿಸೆಂಬರ್ 18ರಂದು ನಮ್ಮದೇ ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳು ಅದರ ರನ್‌ವೇ ಮೇಲೆ ಬಾಂಬು ಹಾಕಿದವು. ಮರುದಿನ ಗೋವೆ ವಿಮೋಚನೆಗೊಂಡಿತು. ಮುರಿದ ರನ್‌ವೇಯನ್ನು ದುರಸ್ತಿ ಮಾಡಿ ಬಳಸಿಕೊಂಡವರೂ ನಮ್ಮವರೇ. ನಿಲ್ದಾಣ ನೌಕಾಪಡೆಯ ಕೈಗೆ ಬಂತು. ಕೊಯಮತ್ತೂರಿನಲ್ಲಿ ಆರಂಭವಾಗಿದ್ದ ಐಎನ್ಎಸ್ ಹಂಸ 1964ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. ಅಂದಿನಿಂದ ಹಡಗಿನ ಮೇಲೆ ವಿಮಾನ ಇಳಿಸುವ ನಮ್ಮ ವೈಮಾನಿಕರ ತವರು ಗೋವೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಈಗ ನಿಂತಿರುವ ತುಪೊಲೆವ್-142 ಮಾದರಿಯ ಭಾರೀ ವಿಮಾನಗಳು 1988ರಲ್ಲಿ ನೌಕಾಪಡೆಗೆ ಸೇರಿದಾಗ ಅವುಗಳ ಮೊದಲ ನೆಲೆಯೂ ಇದೇ ಆಗಿತ್ತು.

ಇಂದು ಮಕ್ಕಳು ಮುಟ್ಟಿ ನೋಡಿದ ಸೀ ಹಾಕ್ ಒಬ್ಬನೇ ಕುಳಿತು ಹಾರಿಸುವ ವಿಮಾನ. ಅದನ್ನು ಹೊತ್ತಿದ್ದ ಹಳೆಯ ವಿಕ್ರಾಂತ್ ಹಡಗಿನ ಉದ್ದ ಸುಮಾರು 213 ಮೀಟರು. ವಿಮಾನ ಇಳಿಯಲು ಸಿಗುವುದು ಅದರಲ್ಲಿ ಒಂದು ಭಾಗ ಮಾತ್ರ. ಆ ಭಾಗವೂ ಅಲೆಯೊಂದಿಗೆ ಏಳುತ್ತ ಬೀಳುತ್ತ ಮುಂದೆ ಓಡುತ್ತಿರುತ್ತದೆ. ವಿಮಾನದ ಬಾಲದಲ್ಲಿರುವ ಕೊಕ್ಕೆ ಡೆಕ್ಕಿನ ಮೇಲೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಹಿಡಿಯಬೇಕು. ಚಕ್ರ ಡೆಕ್ಕನ್ನು ಮುಟ್ಟಿದೊಡನೆ ಪೈಲಟ್ ಎಂಜಿನ್ನಿಗೆ ಪೂರ್ಣ ವೇಗ ಕೊಡುತ್ತಾನೆ. ನಿಲ್ಲಬೇಕಾದ ಗಳಿಗೆಯಲ್ಲಿ ಹೊರಡುವ ಸಿದ್ಧತೆ ಏಕೆ ಎಂದು ಮಕ್ಕಳು ಬೆಳಗ್ಗೆ ಕೇಳಿದರು. ಕೊಕ್ಕೆ ಹಗ್ಗವನ್ನು ತಪ್ಪಿಸಿಕೊಂಡರೆ ಕಣ್ಣು ಮಿಟುಕಿಸುವುದರೊಳಗೆ ಡೆಕ್ಕು ಮುಗಿದುಹೋಗುತ್ತದೆ. ಆಗ ಮತ್ತೆ ಮೇಲಕ್ಕೇರಲು ಆ ವೇಗವೇ ಆಧಾರ. 1961ರ ಮೇ 18ರಂದು ವಿಕ್ರಾಂತ್ ಮೇಲೆ ವಿಮಾನ ಇಳಿಸಿದ ಮೊದಲ ಭಾರತೀಯ ಲೆಫ್ಟಿನೆಂಟ್ ಆರ್. ಎಚ್. ತಹಿಲಿಯಾನಿ. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು.

ಈ ವಿದ್ಯೆ ಒಂದು ದಿನದಲ್ಲಿ ಬರುವುದಿಲ್ಲ. ದಾಬೋಲಿಯಲ್ಲಿ ಹಡಗಿನ ಡೆಕ್ಕಿನ ಪ್ರತಿರೂಪವನ್ನು ನೆಲದ ಮೇಲೆಯೇ ಕಟ್ಟಿದ್ದಾರೆ. ಮುಂದಕ್ಕೆ ಬಾಗಿ ಏರುವ ಇಳಿಜಾರು, ಉಕ್ಕಿನ ಹಗ್ಗಗಳು, ದೀಪಗಳು, ಎಲ್ಲವೂ ಅಲ್ಲಿವೆ. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ನೌಕಾ ಮಾದರಿ 2019ರ ಸೆಪ್ಟೆಂಬರ್ 13ರಂದು ಮೊದಲ ಸಲ ಕೊಕ್ಕೆಯಿಂದ ಹಗ್ಗ ಹಿಡಿದು ನಿಂತದ್ದು ಅಲ್ಲಿಯೇ. ನಾಲ್ಕು ತಿಂಗಳ ಬಳಿಕ, 2020ರ ಜನವರಿ 11ರಂದು, ಕಮೊಡೋರ್ ಜೈದೀಪ್ ಮಾವಳಂಕರ್ ಅದನ್ನು ಸಮುದ್ರದ ಮೇಲೆ ವಿಕ್ರಮಾದಿತ್ಯ ನೌಕೆಯಲ್ಲಿ ಇಳಿಸಿದರು. ನೆಲದ ಮೇಲೆ ತಪ್ಪಿ ತಪ್ಪಿ ಕಲಿಯಲು ಅವಕಾಶ ಕೊಟ್ಟು, ಆಮೇಲೆ ಕಡಲಿಗೆ ಕಳುಹಿಸುವ ಈ ಕ್ರಮ ಶಿಕ್ಷಕರಾದ ನಮಗೆ ಬಹಳ ಹಿಡಿಸಿತು. ಶಾಲೆ ಎಂಬುದೂ ಇಂಥದೇ ಒಂದು ನೆಲದ ಡೆಕ್ಕು.

1971ರ ಯುದ್ಧದಲ್ಲಿ ವಿಕ್ರಾಂತದ ಬಾಯ್ಲರ್ ಒಂದು ಬಿರುಕು ಬಿಟ್ಟಿತ್ತು. ಹಡಗಿಗೆ ಪೂರ್ಣ ವೇಗವಿಲ್ಲ. ವೇಗವಿಲ್ಲದಿದ್ದರೆ ವಿಮಾನಗಳಿಗೆ ಏರಲು ಬೇಕಾದ ಎದುರುಗಾಳಿ ಕಡಿಮೆ. ಆ ಕುಂದನ್ನು ಹೊತ್ತುಕೊಂಡೇ ಹಡಗು ಪೂರ್ವ ಸಮುದ್ರಕ್ಕೆ ಹೋಯಿತು. ಡಿಸೆಂಬರ್ 4ರಂದು ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ದಳದ ನಾಯಕ ಲೆಫ್ಟಿನೆಂಟ್ ಕಮಾಂಡರ್ ಎಸ್. ಕೆ. ಗುಪ್ತ ಅವರಿಗೂ ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ ಮಹಾವೀರ ಚಕ್ರ ಸಂದಿತು. ಇದು ನಾವು ಹೆಮ್ಮೆಯಿಂದ ಹೇಳುವ ಭಾಗ. ಅದೇ ಯುದ್ಧದಲ್ಲಿ, ಡಿಸೆಂಬರ್ 10ರಂದು, ಪಶ್ಚಿಮ ಸಮುದ್ರದ ಮೇಲೆ ಹೋದ ಒಂದು ಅಲೀಜೆ ವಿಮಾನ ಮೂವರೊಂದಿಗೆ ಮರಳಿ ಬರಲಿಲ್ಲ. ಇದೂ ಅದೇ ಕಥೆಯ ಭಾಗ. ಮೊದಲನೆಯದನ್ನು ಪಾಠದಲ್ಲಿ ಹೇಳಿ ಎರಡನೆಯದನ್ನು ಬಿಟ್ಟರೆ ನಾವು ಅರ್ಧ ಇತಿಹಾಸವನ್ನು ಕಲಿಸಿದಂತೆ.

ಶಾಂತಿಯ ಕಾಲವೂ ಬೆಲೆ ಕೇಳುತ್ತದೆ. 2002ರ ಅಕ್ಟೋಬರ್ 1ರಂದು, ದಳವೊಂದರ ಬೆಳ್ಳಿಹಬ್ಬದ ದಿನ, ಇದೇ ದಾಬೋಲಿಯ ಮೇಲೆ ಎರಡು ಇಲ್ಯೂಶಿನ್-38 ವಿಮಾನಗಳು ಒಂದಕ್ಕೊಂದು ತಗಲಿ ಬಿದ್ದವು. ಅವುಗಳಲ್ಲಿದ್ದ 12 ಜನರೂ ಮಡಿದರು. ಕೆಳಗೆ ತಮ್ಮ ಪಾಡಿಗೆ ತಾವಿದ್ದ ನಾಗರಿಕರೂ ಸತ್ತರು. ವಾಸ್ಕೋದ ಹಿರಿಯರಾದ ನಿಮಗೆ ಆ ದಿನವನ್ನು ನಾವು ಬಣ್ಣಿಸಬೇಕಾಗಿಲ್ಲ. 2020ರ ನವೆಂಬರ್ 26ರ ಸಂಜೆ ಗೋವೆಯ ಕಡಲಿನ ಮೇಲೆ ಎರಡು ಆಸನಗಳ ಮಿಗ್-29ಕೆ ವಿಮಾನ ಬಿತ್ತು. ಒಬ್ಬ ಪೈಲಟ್ ಬದುಕಿ ಉಳಿದರು. ಇನ್ನೊಬ್ಬರು, ವಿಮಾನ ಚಾಲನೆ ಕಲಿಸುವ ಅರ್ಹತೆ ಪಡೆದಿದ್ದ ಕಮಾಂಡರ್ ನಿಶಾಂತ್ ಸಿಂಗ್. ಹಡಗು, ವಿಮಾನ, ಮುಳುಗುಗಾರರು ಹಗಲಿರುಳು ಹುಡುಕಿ, ಹನ್ನೊಂದು ದಿನಗಳ ಬಳಿಕ ಅವರ ದೇಹವನ್ನು ಕಡಲ ತಳದಿಂದ ತಂದರು. ಕಲಿಸುವ ವೃತ್ತಿಯಲ್ಲಿರುವ ನಾವು ಅವರನ್ನು ನೆನೆಯುವಾಗ ತುಸು ಹೆಚ್ಚೇ ತಲೆಬಾಗುತ್ತೇವೆ.

ಚಿತ್ರದ ಹೆಲಿಕಾಪ್ಟರ್ ಚಾಲಕನನ್ನು ಮಕ್ಕಳು ತುಂಬ ಮೆಚ್ಚಿಕೊಂಡರು: ತಲೆಯ ಮೇಲೆ ಹಸಿರು ಟೋಪಿ, ಬಾಯಿ ತುಂಬ ತರಲೆ. ಅವನ ಕೆಲಸ ಇಂದಿಗೂ ಇದೆ. ವಿಮಾನವಾಹಕದಿಂದ ವಿಮಾನಗಳು ಏರುವಾಗ, ಇಳಿಯುವಾಗ ಪಕ್ಕದಲ್ಲಿ ಒಂದು ಚೇತಕ್ ಹೆಲಿಕಾಪ್ಟರ್ ಕಾಯುತ್ತಿರುತ್ತದೆ, ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳಲು. ನೌಕಾಪಡೆಯ 321ನೇ ದಳ ಈ ಕೆಲಸಕ್ಕೆ ಹೆಸರಾದದ್ದು. ಅದಕ್ಕೆ ‘ಏಂಜಲ್ಸ್’ ಎಂದೇ ಹೆಸರು. ಒಲ್ಲದ ಮನಸ್ಸಿನ ಪೈಲಟ್ ವಿಮಾನ ಏರಲು ಇವರ ಭರವಸೆಯೂ ಒಂದು ಕಾರಣ. ತನ್ನ ಹಿಂದೆ ಯಾರೋ ಬರುತ್ತಾರೆ ಎಂಬುದು ತಿಳಿದಿದ್ದರೆ ಮನುಷ್ಯ ಹೊಣೆಯನ್ನು ಹೊರುತ್ತಾನೆ.

ಕೊರಿಯಾ ಯುದ್ಧದೊಂದಿಗೆ ನಮಗೂ ಒಂದು ನಂಟು ಉಂಟು. 1953ರಲ್ಲಿ ಕದನ ನಿಂತಾಗ, ಸೆರೆಯಲ್ಲಿದ್ದವರಲ್ಲಿ 22 ಸಾವಿರಕ್ಕೂ ಹೆಚ್ಚು ಜನ ತಮ್ಮ ದೇಶಕ್ಕೆ ಮರಳಲು ಒಲ್ಲೆವೆಂದರು. ಅವರ ಇಚ್ಛೆಯನ್ನು ಬಲವಂತವಿಲ್ಲದೆ ತಿಳಿಯುವ ಕಠಿಣ ಕೆಲಸ ತಟಸ್ಥ ರಾಷ್ಟ್ರಗಳ ಆಯೋಗದ ಪಾಲಿಗೆ ಬಂತು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಒಲ್ಲೆನೆಂಬ ಮಾತಿಗೂ ಕಿವಿಗೊಡಬೇಕು, ಅದನ್ನು ಹೇಳುವವನೂ ಮನುಷ್ಯನೇ ಎಂಬ ತತ್ತ್ವವನ್ನು ಆಯೋಗವು ಬಂದೂಕುಗಳ ನಡುವೆ ಕಾಪಾಡಲು ಹೆಣಗಿತು. ಸೈನಿಕನ ಸಮವಸ್ತ್ರದಲ್ಲಿದ್ದುಕೊಂಡೇ ಇಂಥ ಕೆಲಸವನ್ನೂ ಮಾಡಬಹುದೆಂದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಪಾಲಕರು ಒಂದು ಮಾತು ಹೇಳಬಹುದು: ನಮ್ಮ ದೇಶದಲ್ಲಿ ಕಡ್ಡಾಯ ಸೈನಿಕ ಸೇವೆಯಿಲ್ಲ, ಹೋಗುವವರೆಲ್ಲ ಇಷ್ಟಪಟ್ಟೇ ಹೋಗುತ್ತಾರೆ, ಒಲ್ಲದ ಮನಸ್ಸಿನ ಮಾತು ನಮಗೇಕೆ? ಹೋಗುವವರು ಇಷ್ಟಪಟ್ಟು ಹೋಗುತ್ತಾರೆಂಬುದು ನಿಜ. ಆದರೆ ಹದಿನೆಂಟರ ಮನಸ್ಸು ಮೂವತ್ತೈದರಲ್ಲಿ ಹಾಗೆಯೇ ಇರುವುದಿಲ್ಲ. ಮಡಿಲಲ್ಲಿ ಮಗು ಇರುವಾಗ ಬರುವ ಕರೆ ಬೇರೆ. ಮಗ ಹೊರಟಾಗ ಬಾಗಿಲಲ್ಲಿ ನಿಂತು ನಗುವ ತಾಯಿಯ ಒಳಮನಸ್ಸನ್ನು ಯಾವ ಅರ್ಜಿಯೂ ಕೇಳುವುದಿಲ್ಲ. ಈಗ ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ: 2019ರ ಡಿಸೆಂಬರಿನಲ್ಲಿ ಸಬ್ ಲೆಫ್ಟಿನೆಂಟ್ ಶಿವಾಂಗಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು. ನಮ್ಮ ಹತ್ತನೆಯ ತರಗತಿಯ ಹುಡುಗಿಯರು ಆ ಚಿತ್ರಪಟದೆದುರು ಬಹಳ ಹೊತ್ತು ನಿಲ್ಲುತ್ತಾರೆ. ಅವರನ್ನು ನಾವು ಹುರಿದುಂಬಿಸುತ್ತೇವೆ. ಜೊತೆಗೆ ಬೆಲೆಯನ್ನೂ ಹೇಳುತ್ತೇವೆ.

ಒಲ್ಲದೆ ಕೊಟ್ಟವರು ನಮ್ಮ ಊರುಗಳಲ್ಲೇ ಇದ್ದಾರೆ. ವಿಕ್ರಮಾದಿತ್ಯ ನೌಕೆಯ ನೆಲೆ ಕಾರವಾರ. ಆ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅದು ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಎಳೆಯುವ ದಂಡೆ, ಊರದೇವರ ಬನ ಎಲ್ಲವನ್ನೂ ಬಿಟ್ಟು ಎದ್ದವು. ಪರಿಹಾರಕ್ಕಾಗಿ ಹಲವರು ದಶಕಗಳ ಕಾಲ ಕಾದರು. ಅವರಲ್ಲಿ ಯಾರೂ ಅರ್ಜಿ ಹಾಕಿ ನಿರಾಶ್ರಿತರಾಗಲಿಲ್ಲ. ಆ ಮನೆಗಳ ಮೊಮ್ಮಕ್ಕಳು ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತಿದ್ದಾರೆ. ಕೆಲವರು ಈ ಸಭೆಯಲ್ಲಿಯೂ ಇದ್ದಾರೆ. ಬ್ರೂಬೇಕರ್ ಕೇಳಿದ ಪ್ರಶ್ನೆಯನ್ನೇ ಅವರ ಅಜ್ಜಂದಿರೂ ಕೇಳಿದ್ದರು: ನಾವೇ ಏಕೆ? ದೇಶಕ್ಕೆ ಬಂದರು ಬೇಕಿತ್ತು ಎಂಬುದು ಒಂದು ಉತ್ತರ. ಅದು ಸರಿಯಾದ ಉತ್ತರವೇ ಇರಬಹುದು. ಆದರೆ ಆ ಉತ್ತರವನ್ನು ಕೊಡುವವರು ಕೇಳಿದವರ ಮುಖ ನೋಡಿ ಕೊಡಬೇಕು, ಕೊಟ್ಟವರ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಚಿತ್ರದ ಒಂದು ಸಂಗತಿ ನಮ್ಮನ್ನು ಬಹಳ ಕಾಡಿತು. ಹೆಂಡತಿ ಗಂಡನನ್ನು ನೋಡಲು ಜಪಾನಿಗೆ ಬರುತ್ತಾಳೆ. ಅವನು ಎದುರಿಸಲಿರುವ ಅಪಾಯವನ್ನು ಎಲ್ಲರೂ ಅವಳಿಂದ ಮುಚ್ಚಿಡಬಹುದಿತ್ತು. ಅಡ್ಮಿರಲ್ ಮುಚ್ಚಿಡುವುದಿಲ್ಲ. ಸತ್ಯಕ್ಕೆ ಮುಖ ಕೊಡಲಾರದೆ ತನ್ನ ಮನೆಯ ಹೆಂಗಸರು ದುಃಖದಲ್ಲಿ ಕುಸಿದುದನ್ನು ಅವನು ಕಂಡಿದ್ದಾನೆ. ಆ ರಾತ್ರಿ ಗಂಡ ಹೆಂಡತಿಗೆ ಸೇತುವೆಗಳ ವಿಷಯವನ್ನೆಲ್ಲ ತಿಳಿಸುತ್ತಾನೆ. ಅವಳು ಅಳುವುದಕ್ಕೂ, ತಾಳಿಕೊಳ್ಳುವುದಕ್ಕೂ ಸಮಯ ಸಿಗುತ್ತದೆ. ಮಕ್ಕಳಿಗೆ ಈ ಚಿತ್ರವನ್ನೇಕೆ ತೋರಿಸಿದಿರಿ ಎಂದ ಪಾಲಕರಿಗೆ ನಮ್ಮ ಉತ್ತರ ಇಲ್ಲಿದೆ. ಗೆಲುವನ್ನಷ್ಟೇ ತೋರಿಸಿ ಕಳುಹಿಸಿದ ಮಗು ಮೊದಲ ಆಘಾತಕ್ಕೇ ಮುರಿದುಹೋದೀತು. ಬೆಲೆ ತಿಳಿದು ಹೋದ ಮಗು ಹೆದರಿದರೂ ನಿಂತೀತು. ಹೋಗದಿರಲು ನಿರ್ಧರಿಸಿದರೆ ಅದೂ ವಿಚಾರ ಮಾಡಿ ತೆಗೆದುಕೊಂಡ ನಿರ್ಧಾರವಾದೀತು.

ಇಂಥ ಜನ ಎಲ್ಲಿಂದ ಬರುತ್ತಾರೆಂದು ಚಿತ್ರದ ಕೊನೆಯಲ್ಲಿ ಅಡ್ಮಿರಲ್ ಬೆರಗಾಗುತ್ತಾನೆ. ನಮ್ಮ ಪಾಲಿಗೆ ಅದರಲ್ಲಿ ಬೆರಗೇನೂ ಇಲ್ಲ. ಅವರು ಮನೆಗಳಿಂದ ಬರುತ್ತಾರೆ, ಶಾಲೆಗಳಿಂದ ಬರುತ್ತಾರೆ. ಹಂಚಿನ ಮಾಡಿನ ಕೊಠಡಿಯಲ್ಲಿ ಮಗ್ಗಿ ಬಾಯಿಪಾಠ ಮಾಡಿದವರು, ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ಪ್ರಾರ್ಥನೆಗೆ ನಿಂತವರು ಅವರು. ನೂರು ವರ್ಷಗಳಿಂದ ನಾವು ಅಂಥ ಮಕ್ಕಳನ್ನು ಕಳುಹಿಸುತ್ತಲೇ ಇದ್ದೇವೆ: ಸೈನ್ಯಕ್ಕೆ, ಬಂದರಿಗೆ, ಗಣಿಗೆ, ಆಸ್ಪತ್ರೆಗೆ, ಗೋವೆಯ ಕಟ್ಟಡಗಳ ಸಾರುವೆಗಳ ಮೇಲಕ್ಕೆ. ಎಲ್ಲರೂ ಇಷ್ಟಪಟ್ಟೇ ಊರು ಬಿಟ್ಟರೆಂದು ಹೇಳಲಾರೆವು. ಆದರೂ ಹೊತ್ತ ಹೊಣೆಯನ್ನು ನೀವು ಇಳಿಸಲಿಲ್ಲ. ಪ್ರತಿ ತಿಂಗಳೂ ಮನೆಗೆ ಹಣ ಬಂತು, ತಂಗಿಯ ಮದುವೆ ನಡೆಯಿತು, ಶಾಲೆಯ ಹೊಸ ಕೊಠಡಿಗೆ ಹಂಚು ಬಂತು.

ಕೊನೆಯದಾಗಿ ಒಂದು ಬೇಡಿಕೆ. ಶತಮಾನೋತ್ಸವದ ನೆನಪಿಗೆ ಸಭಾಂಗಣದಲ್ಲಿ ಕಲ್ಲಿನ ಫಲಕ ಹಾಕಬೇಕೆಂಬ ಸಲಹೆ ಬಂದಿದೆ. ಹಾಕೋಣ. ಅದರ ಪಕ್ಕದಲ್ಲಿ ಒಂದು ದೊಡ್ಡ ದಫ್ತರವನ್ನೂ ಇಡುತ್ತೇವೆ. ಸೇನೆಯಲ್ಲಿದ್ದ ಹಳೆಯ ವಿದ್ಯಾರ್ಥಿಗಳು, ಅವರ ಮನೆಯವರು, ನೆಲ ಬಿಟ್ಟುಕೊಟ್ಟ ಕುಟುಂಬದವರು, ದುಡಿಮೆಗಾಗಿ ಗೋವೆಗೆ ಬಂದ ನೀವು, ಎಲ್ಲರೂ ಅದರಲ್ಲಿ ಒಂದೊಂದು ಪುಟ ಬರೆಯಿರಿ. ಪಡೆದ ಪದಕವನ್ನು ಬರೆಯಿರಿ. ಹೋಗಲು ಮನಸ್ಸಿಲ್ಲದ ದಿನ ಯಾವುದಿತ್ತು, ಆ ದಿನ ಯಾರು ಹಿಂದೆ ನಿಂತರು ಎಂಬುದನ್ನೂ ಬರೆಯಿರಿ. ಬರೆಯಲು ಬಾರದ ಹಿರಿಯರು ಹೇಳಿದರೆ ನಮ್ಮ ಮಕ್ಕಳು ಬರೆದುಕೊಳ್ಳುತ್ತಾರೆ. ಮುಂದಿನ ತಿಂಗಳ ಮೊದಲ ಭಾನುವಾರದಿಂದ ಮಕ್ಕಳು ಗುಂಪು ಗುಂಪಾಗಿ ನಿಮ್ಮ ಮನೆಗಳಿಗೆ ಬರುವಂತೆ ಏರ್ಪಾಡು ಮಾಡಿದ್ದೇವೆ. ಅವರಿಗೆ ಸಮಯ ಕೊಡಿ, ಏನನ್ನೂ ಮುಚ್ಚಿಡದೆ ಹೇಳಿ.